ಎಸೆಯುವವನ ದಣಿವು

ರಜೆಯ ದಿನಗಳಲ್ಲಿ ಮಕ್ಕಳು ವೀಡಿಯೋ ಆಟದ ಮುಂದೆ ಕುಳಿತರೆಂದರೆ ಹಿರಿಯರು ಹುಬ್ಬು ಗಂಟಿಕ್ಕುವುದು ವಾಡಿಕೆ. ಆ ಆಟಗಳನ್ನೆಲ್ಲ ಸಮರ್ಥಿಸುವ ಉದ್ದೇಶ ನಮಗಿಲ್ಲ. ಆದರೆ ಅಮೆರಿಕದ ಬೇಸ್‌ಬಾಲನ್ನು ತೆರೆಯ ಮೇಲೆ ಆಡಿಸುವ ಒಂದೆರಡು ಆಟಗಳಲ್ಲಿ, ಬೆರಳಿನ ಚುರುಕಿನಷ್ಟೇ ಬೆಲೆ ಜನರನ್ನು ನಡೆಸುವ ಜಾಣತನಕ್ಕೂ ಉಂಟೆಂಬುದನ್ನು ವಾಚಕರ ಗಮನಕ್ಕೆ ತರಬಯಸುತ್ತೇವೆ.

ಕ್ರಿಕೆಟ್ಟನ್ನು ಬಲ್ಲವರಿಗೆ ವಿಷಯ ಕಷ್ಟವೇನಲ್ಲ. ಬೇಸ್‌ಬಾಲಿನಲ್ಲಿ ಚೆಂಡೆಸೆಯುವವನು ಪಿಚರ್. ನಮ್ಮ ಬೌಲರ್ ಕೆಲವು ಓವರು ಹಾಕಿ, ಬೌಂಡರಿಯ ಬಳಿ ನಿಂತು ದಣಿವಾರಿಸಿಕೊಂಡು ಮರಳಿ ಬರಬಹುದು. ಪಿಚರನಿಗೆ ಆ ಸೌಕರ್ಯವಿಲ್ಲ. ಒಮ್ಮೆ ಅವನನ್ನು ಪಂದ್ಯದಿಂದ ಹೊರಗೆ ಕರೆದರೆ ಅಂದಿಗೆ ಅವನ ಕೆಲಸ ಮುಗಿದಂತೆಯೇ. ಅವನ ಬದಲಿಗೆ ಬರಬೇಕಾದವರು ‘ಬುಲ್‌ಪೆನ್’ ಎಂಬ ಆವರಣದಲ್ಲಿ ಕಾದಿರುತ್ತಾರೆ. ಯಾರನ್ನು, ಯಾವಾಗ ಕರೆಯಬೇಕು? ಮ್ಯಾನೇಜರನ ತಲೆನೋವೆಲ್ಲ ಇದೇ.

‘ಎಂಎಲ್‌ಬಿ ದಿ ಷೋ’ ಎಂಬ ಆಟದಲ್ಲಿ ಪಿಚರನ ಕಸುವನ್ನು ಒಂದು ಪಟ್ಟಿ ತೋರಿಸುತ್ತದೆ. ಎಸೆತವೊಂದಕ್ಕೆ ಅದು ಇಷ್ಟಿಷ್ಟೇ ಕುಗ್ಗುತ್ತದೆ. ಕುಗ್ಗಿದಂತೆ ಚೆಂಡಿನ ವೇಗವೂ ಗುರಿಯೂ ಕೆಡುತ್ತವೆ. ಬದಲಿ ಪಿಚರನನ್ನು ಥಟ್ಟನೆ ಕರೆದರೆ ಪ್ರಯೋಜನವಿಲ್ಲ. ಮುಂಚೆಯೇ ಬುಲ್‌ಪೆನ್ನಿನಲ್ಲಿ ತೋಳು ಬಿಸಿಮಾಡಿಕೊಳ್ಳಲು ಹೇಳಿರಬೇಕು. ನೆಂಟರು ಎಲೆಯ ಮುಂದೆ ಕುಳಿತ ಮೇಲೆ ಅಕ್ಕಿ ತೊಳೆದರೆ ಆಗುತ್ತದೆಯೆ? ಪಟ್ಟಿ ಅರ್ಧಕ್ಕೆ ಇಳಿದಾಗಲೇ ಒಬ್ಬನನ್ನು ಅಣಿಮಾಡುವುದು ಲೇಸು.

ಮಾರ್ಕಸ್ ಹೈನ್‌ಸೋನ್ ಎಂಬ ಜರ್ಮನರು ಆರಂಭಿಸಿದ, 1999ರಲ್ಲಿ ಮೊದಲು ಹೊರಬಂದ ‘ಔಟ್ ಆಫ್ ದಿ ಪಾರ್ಕ್ ಬೇಸ್‌ಬಾಲ್’ ಇನ್ನೂ ಗಂಭೀರವಾದದ್ದು. ಅಲ್ಲಿ ಆಡುವವರು ಚೆಂಡೆಸೆಯುವುದೇ ಇಲ್ಲ; ತಂಡವನ್ನು ನಡೆಸುತ್ತಾರೆ, ಅಷ್ಟೆ. ಅಮೆರಿಕದ ದೊಡ್ಡ ಲೀಗಿನಲ್ಲಿ ಋತುವೊಂದಕ್ಕೆ ತಂಡಕ್ಕೆ 162 ಪಂದ್ಯಗಳು. ನಿನ್ನೆ ದುಡಿಸಿದವನ ತೋಳು ಇಂದು ಹಾಗೆಯೇ ಇರುವುದಿಲ್ಲ. ಗೆದ್ದೇ ಬಿಟ್ಟಿರುವ ಪಂದ್ಯದಲ್ಲಿ ಒಳ್ಳೆಯ ಪಿಚರನನ್ನು ಖರ್ಚುಮಾಡಿದವರಿಗೆ ನಾಳೆ ಸಾಲ ತೀರಿಸುವ ಸರದಿ.

ಯಾವಾಗ ಬದಲಿಸಬೇಕೆಂಬುದಕ್ಕೆ ನಿಜವಾದ ಬೇಸ್‌ಬಾಲಿನಲ್ಲೇ ಎರಡು ಪ್ರಸಿದ್ಧ ನಿದರ್ಶನಗಳಿವೆ. 2003ರ ಅಕ್ಟೋಬರ್ 16ರಂದು ಯಾಂಕೀಸ್ ತಂಡದೆದುರು ಬಾಸ್ಟನ್ ರೆಡ್ ಸಾಕ್ಸ್ ತಂಡ ಎಂಟನೆಯ ಇನಿಂಗ್ಸಿನಲ್ಲಿ 5-2ರಿಂದ ಮುಂದಿತ್ತು. ಪೆಡ್ರೋ ಮಾರ್ಟಿನೆಜ್ ದಣಿದಿದ್ದರು. ಮ್ಯಾನೇಜರ್ ಗ್ರೇಡಿ ಲಿಟಲ್ ಬಳಿಗೆ ಹೋಗಿ ವಿಚಾರಿಸಿದರು, ಪೆಡ್ರೋ ಆಗುತ್ತದೆಂದರು, ಲಿಟಲ್ ಅಲ್ಲೇ ಬಿಟ್ಟುಬಂದರು. ಪಂದ್ಯ ಸಮವಾಯಿತು, ಹನ್ನೊಂದನೆಯ ಇನಿಂಗ್ಸಿನಲ್ಲಿ ಸೋಲೂ ಬಂತು. 2020ರ ವಿಶ್ವ ಸರಣಿಯ ಆರನೆಯ ಪಂದ್ಯದಲ್ಲಿ ಇದಕ್ಕೆ ತದ್ವಿರುದ್ಧ. ಟ್ಯಾಂಪಾ ಬೇ ತಂಡದ ಬ್ಲೇಕ್ ಸ್ನೆಲ್ ಕೇವಲ 73 ಎಸೆತಗಳಲ್ಲಿ ಒಂಬತ್ತು ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದ್ದರು. ಅದೇ ಬ್ಯಾಟುಗಾರರು ಮೂರನೆಯ ಸಲ ಎದುರಾದಾಗ ಪಿಚರನನ್ನು ಚೆನ್ನಾಗಿ ಅರಿತಿರುತ್ತಾರೆಂಬ ಲೆಕ್ಕದ ಮೇಲೆ ಮ್ಯಾನೇಜರ್ ಕೆವಿನ್ ಕ್ಯಾಷ್ ಅವರನ್ನು ಹೊರಗೆ ಕರೆದರು. 1-0ರ ಮುನ್ನಡೆ ಹೋಗಿ 3-1ರ ಸೋಲಾಯಿತು. ಒಬ್ಬರು ಮಾತನ್ನು ನಂಬಿದರು, ಇನ್ನೊಬ್ಬರು ಲೆಕ್ಕವನ್ನು ನಂಬಿದರು. ಬೈಗುಳ ಮಾತ್ರ ಇಬ್ಬರಿಗೂ ಸಮಪಾಲು!

ಇನ್ನು ಯಾರನ್ನು ಕರೆಯಬೇಕೆಂಬುದು. ಸ್ವಲ್ಪದರಲ್ಲಿರುವ ಗೆಲುವನ್ನು ಕೊನೆಯವರೆಗೆ ಕಾಪಾಡಿದವನ ಹೆಸರಿಗೆ ‘ಸೇವ್’ ಬರೆಯುವ ಪದ್ಧತಿ 1969ರಲ್ಲಿ ಅಧಿಕೃತವಾಯಿತು. ಅಂದಿನಿಂದ ಅತ್ಯುತ್ತಮ ಬದಲಿ ಪಿಚರನನ್ನು ಕೊನೆಯ ಇನಿಂಗ್ಸಿಗೆಂದೇ ಕಟ್ಟಿಡುವ ರೂಢಿ ಬಲವಾಗುತ್ತ ಬಂತು. 2016ರಲ್ಲಿ ಬಾಲ್ಟಿಮೋರ್ ತಂಡದ ಜ್ಯಾಕ್ ಬ್ರಿಟನ್ 47 ಅವಕಾಶಗಳಲ್ಲಿ 47 ಸೇವ್ ಗಳಿಸಿದ್ದರು. ಆದರೂ ಟೊರಾಂಟೋ ಎದುರಿನ ನಿರ್ಣಾಯಕ ಪಂದ್ಯ ಹನ್ನೊಂದು ಇನಿಂಗ್ಸ್ ನಡೆದು ಸೋತುಹೋದಾಗ, ಅವರು ಒಂದು ಚೆಂಡನ್ನೂ ಎಸೆದಿರಲಿಲ್ಲ. ಒಳ್ಳೆಯ ಪಾತ್ರೆಯನ್ನು ಅಟ್ಟದ ಮೇಲಿಟ್ಟು ಹಬ್ಬ ಕಳೆದಂತಾಯಿತು. ಆದ್ದರಿಂದ ಆಡುವ ಮಕ್ಕಳಿಗೆ ನಮ್ಮ ಸೂಚನೆ: ಕೊನೆಯ ಗಳಿಗೆಗಿಂತ ಅಪಾಯದ ಗಳಿಗೆಯನ್ನು ಹುಡುಕಿರಿ; ಅದು ಏಳನೆಯ ಇನಿಂಗ್ಸಿನಲ್ಲಿ ಬಂದರೆ ಅಲ್ಲಿಯೇ ಉತ್ತಮನನ್ನು ಕರೆಯಿರಿ. ಒಬ್ಬೊಬ್ಬ ಬ್ಯಾಟುಗಾರನಿಗೆ ಒಬ್ಬೊಬ್ಬನಂತೆ ಬದಲಿಸುವುದಂತೂ ಈಗ ಸಾಧ್ಯವಿಲ್ಲ. 2020ರ ನಿಯಮದಂತೆ ಬಂದವನು ಮೂವರನ್ನಾದರೂ ಎದುರಿಸಬೇಕು, ಇಲ್ಲವೆ ಆ ಸರದಿಯನ್ನು ಮುಗಿಸಬೇಕು.

ಈ ಆಟದಿಂದ ಹಿರಿಯರು ಕಲಿಯತಕ್ಕದ್ದೂ ಒಂದುಂಟು. ಸಂಘದ ಸಮಾರಂಭವೆಂದರೆ ಕುರ್ಚಿ ಹಾಕುವುದರಿಂದ ಹಿಡಿದು ಕೊನೆಯ ಪಾತ್ರೆ ಹಿಂದಿರುಗಿಸುವವರೆಗೆ ದುಡಿಯುವವರು ವರ್ಷವರ್ಷವೂ ಅದೇ ನಾಲ್ಕು ಮಂದಿ. ಮನೆಯಲ್ಲಿಯೂ ಅಂಥವರೊಬ್ಬರು ಇದ್ದೇ ಇರುತ್ತಾರೆ. “ಆಗುತ್ತದೆಯೆ?” ಎಂದು ಕೇಳಿದರೆ ಅವರೂ ಪೆಡ್ರೋನಂತೆಯೇ “ಆಗುತ್ತದೆ” ಎನ್ನುತ್ತಾರೆ. ಅವರ ತಲೆಯ ಮೇಲೆ ಕಸುವಿನ ಪಟ್ಟಿ ಕಾಣುವುದಿಲ್ಲ. ಅವರು ಕುಸಿದು ಕುಳಿತ ಮೇಲೆ ಬದಲಿಗೆ ಜನ ಹುಡುಕುವುದಕ್ಕಿಂತ, ಇಂದೇ ಇಬ್ಬರು ಎಳೆಯರನ್ನು ಪಕ್ಕದಲ್ಲಿ ನಿಲ್ಲಿಸಿ ಕೆಲಸ ಕಲಿಸುವುದು ಮೇಲಲ್ಲವೆ?