ಕೈಚಕ್ರದ ಜಾಗದಲ್ಲಿ ಗಣಕ

ಮುಧೋಳದಿಂದ ಓದುಗರೊಬ್ಬರು ಬರೆದಿದ್ದಾರೆ. ಅವರದು ಪುಟ್ಟ ವರ್ಕ್‌ಶಾಪ್. ಒಂದು ಲೇಥ್, ಒಂದು ಡ್ರಿಲ್ಲಿಂಗ್ ಯಂತ್ರ, ಬೆಂಚಿನ ಮೇಲೆ ಕೂರುವ ಒಂದು ಚಿಕ್ಕ ಮಿಲ್ಲಿಂಗ್ ಯಂತ್ರ. ಡಿಪ್ಲೊಮಾ ಮುಗಿಸಿದ ಮಗ ಈ ಮಿಲ್ಲಿಂಗ್ ಯಂತ್ರಕ್ಕೆ ಮನೆಯಲ್ಲೇ ಮೋಟಾರು ಜೋಡಿಸಿ ಕಂಪ್ಯೂಟರಿನಿಂದ ನಡೆಸುತ್ತೇನೆ ಎಂದು ಹಟ ಹಿಡಿದಿದ್ದಾನಂತೆ. ಇಪ್ಪತ್ತು ವರ್ಷಗಳಿಂದ ಅದೇ ಯಂತ್ರದ ಮುಂದೆ ನಿಂತಿರುವ ಮೇಸ್ತ್ರಿ ಅಂದಿನಿಂದ ಸರಿಯಾಗಿ ಮಾತಾಡುತ್ತಿಲ್ಲವಂತೆ. 'ಇದು ಮನೆಯಲ್ಲಿ ಆಗುವ ಕೆಲಸವೇ? ಆದರೆ ಮೇಸ್ತ್ರಿಯ ಗತಿ ಏನು?' ಎಂದು ಅವರು ಕೇಳಿದ್ದಾರೆ.

ಮೊದಲನೆಯ ಪ್ರಶ್ನೆಗೆ ಉತ್ತರ, ಆಗುತ್ತದೆ. ಎರಡನೆಯದಕ್ಕೆ ಉತ್ತರ ಬೇಕಾದರೆ ಈ ಜೋಡಣೆಯಲ್ಲಿ ಗಣಕಯಂತ್ರ ನಿಜವಾಗಿ ಯಾವ ಕೆಲಸವನ್ನು ವಹಿಸಿಕೊಳ್ಳುತ್ತದೆ, ಯಾವುದನ್ನು ವಹಿಸಿಕೊಳ್ಳುವುದಿಲ್ಲ ಎಂದು ನೋಡಬೇಕು.

ಮಿಲ್ಲಿಂಗ್ ಎಂದೊಡನೆ ಹಿಟ್ಟಿನ ಗಿರಣಿ ನೆನಪಾಗುವವರಿಗಾಗಿ ಒಂದು ಮಾತು. ಲೇಥಿನಲ್ಲಿ ಕೆಲಸದ ತುಂಡು ತಿರುಗುತ್ತದೆ, ಉಳಿ ತಿರುಗುವುದಿಲ್ಲ. ಮಿಲ್ಲಿಂಗ್ ಯಂತ್ರದಲ್ಲಿ ಇದಕ್ಕೆ ತದ್ವಿರುದ್ಧ. ಹಲ್ಲುಗಳುಳ್ಳ ಕಟರ್ ಗಿರ್ರನೆ ತಿರುಗುತ್ತದೆ, ಕೆಲಸದ ತುಂಡು ಮೇಜಿನ ಮೇಲೆ ಬಿಗಿಯಾಗಿ ಕುಳಿತು ಅದರ ಬಾಯಿಗೆ ಸರಿಯುತ್ತದೆ. ಮೇಜನ್ನು ಎಡಬಲಕ್ಕೆ ಸರಿಸಲು ಒಂದು ಕೈಚಕ್ರ, ಹಿಂದೆಮುಂದೆ ಸರಿಸಲು ಇನ್ನೊಂದು, ಕಟರನ್ನು ಮೇಲೆಕೆಳಗೆ ಮಾಡಲು ಮತ್ತೊಂದು. ಕಬ್ಬಿನ ಗಾಣದ ಶಾಫ್ಟಿಗೆ ಕೀಲಿಯ ಕಾಲುವೆ ತೆಗೆಯುವುದಕ್ಕೂ ಸವೆದ ಗಿಯರಿಗೆ ಬದಲಿ ಹಲ್ಲು ಕಡೆಯುವುದಕ್ಕೂ ಇದೇ ಯಂತ್ರ ಬೇಕು. ಅದಿಲ್ಲದ ಊರಿನವರು ಕೆಲಸದ ತುಂಡನ್ನು ಚೀಲದಲ್ಲಿ ಹಾಕಿಕೊಂಡು ಬೆಳಗಾವಿಯ ಉದ್ಯಮಬಾಗಕ್ಕೋ ಕೊಲ್ಲಾಪುರಕ್ಕೋ ಬಸ್ಸು ಹತ್ತಬೇಕು. ಕಬ್ಬು ನುರಿಸುವ ಕಾಲದಲ್ಲಿ ಹಾಗೆ ಹೋಗುವ ಒಂದೊಂದು ದಿನವೂ ನಷ್ಟದ ದಿನವೇ.

ಮೂರು ಕೈಚಕ್ರಗಳ ಜಾಗದಲ್ಲಿ ಮೂರು ಮೋಟಾರು ಕೂರಿಸಿ, ಎಷ್ಟು ಸುತ್ತು ತಿರುಗಬೇಕೆಂದು ಅಂಕಿಗಳಲ್ಲಿ ಹೇಳುವುದೇ ಈ ಪರಿವರ್ತನೆಯ ತಿರುಳು. ಯಂತ್ರಕ್ಕೆ ಹೀಗೆ ಆಜ್ಞೆ ಬರೆದುಕೊಡುವ ವಿಚಾರ ಹೊಸದೆಂದು ಭಾವಿಸುವವರು ಒಮ್ಮೆ ರಬಕವಿ-ಬನಹಟ್ಟಿಯ ನೇಕಾರರ ಓಣಿಯನ್ನು ನೆನೆಯಬೇಕು. ಸೀರೆಯ ಸೆರಗಿಗೂ ಅಂಚಿಗೂ ಚಿತ್ರ ಮೂಡಿಸುವ ಜಕಾರ್ಡ್ ಮಗ್ಗದ ಮೇಲೆ ರಟ್ಟಿನ ಕಾರ್ಡುಗಳ ಮಾಲೆ ತೂಗುತ್ತದೆ. ಕಾರ್ಡಿನಲ್ಲಿ ತೂತು ಇದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ. ಒಂದು ಕಾರ್ಡು ಒಂದು ಹೊಕ್ಕಿನ ಎಳೆಗೆ ಆಜ್ಞೆ. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡ್ ಈ ಏರ್ಪಾಟನ್ನು ರೂಪಿಸಿದ್ದು 1804ರ ಸುಮಾರಿಗೆ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತನ್ನ ಲೆಕ್ಕದ ಯಂತ್ರಕ್ಕೆ ಇದೇ ಬಗೆಯ ಕಾರ್ಡುಗಳನ್ನು ಯೋಜಿಸಿದ. ರೇಷ್ಮೆಯಲ್ಲಿ ನೇಯ್ದ ಜಕಾರ್ಡನ ಭಾವಚಿತ್ರವೊಂದು ಅವನ ಬಳಿ ಇತ್ತು. ಅದನ್ನು ನೇಯಲು ಬೇಕಾದ ಕಾರ್ಡುಗಳ ಸಂಖ್ಯೆ ಸುಮಾರು 24,000. 1890ರಲ್ಲಿ ಅಮೆರಿಕದ ಜನಗಣತಿಯನ್ನು ಹರ್ಮನ್ ಹಾಲರಿತ್ ತೂತು ಕಾರ್ಡುಗಳಿಂದಲೇ ಎಣಿಸಿದ.

ಮಿಲ್ಲಿಂಗ್ ಯಂತ್ರಕ್ಕೆ ಈ ತೂತುಗಳು ಬಂದ ಕಥೆ ಸ್ವಾರಸ್ಯವಾದದ್ದು. 1940ರ ದಶಕದ ಕೊನೆಯಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಜಾನ್ ಪಾರ್ಸನ್ಸ್ ಎಂಬುವರು ಹೆಲಿಕಾಪ್ಟರಿನ ರೆಕ್ಕೆಗಳನ್ನು ಮಾಡಿಕೊಡುತ್ತಿದ್ದರು. ರೆಕ್ಕೆಯ ಬಾಗನ್ನು ಕಣ್ಣಳತೆಯಲ್ಲಿ ಕಡೆದರೆ ನಡೆಯದು. ಬಾಗಿನ ಉದ್ದಕ್ಕೂ ಬಿಂದುಗಳ ಸ್ಥಾನವನ್ನು ಲೆಕ್ಕಹಾಕಿ ಪಟ್ಟಿ ಮಾಡಿದರು. ಒಬ್ಬ ಪಟ್ಟಿಯಿಂದ ಅಂಕಿಗಳನ್ನು ಕೂಗಿ ಹೇಳುವನು. ಇಬ್ಬರು ಕೆಲಸಗಾರರು ಒಬ್ಬೊಬ್ಬರು ಒಂದೊಂದು ಕೈಚಕ್ರ ಹಿಡಿದು ಅಷ್ಟಷ್ಟೇ ತಿರುಗಿಸುವರು. ಈ ಮೂವರ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಪ್ರಯತ್ನ ಎಂ.ಐ.ಟಿ. ಸಂಸ್ಥೆಗೆ ಹೋಗಿ, 1952ರಲ್ಲಿ ತೂತು ಮಾಡಿದ ಕಾಗದದ ಪಟ್ಟಿಯಿಂದ ನಡೆಯುವ ಮಿಲ್ಲಿಂಗ್ ಯಂತ್ರದ ಪ್ರದರ್ಶನವಾಯಿತು. ನಮ್ಮಲ್ಲಿ ಎಚ್.ಎಂ.ಟಿ. ಬೆಂಗಳೂರಿನಲ್ಲಿ ಹುಟ್ಟಿದ್ದು ಅದರ ಮರುವರ್ಷ, 1953ರಲ್ಲಿ. ಆಗ ಕೋಣೆ ತುಂಬುವಷ್ಟು ನಿರ್ವಾತ ಕವಾಟಗಳು ಮಾಡುತ್ತಿದ್ದ ಕೆಲಸವನ್ನು ಇಂದು ಅಂಗೈಯಗಲದ ಒಂದು ಆರ್ಡ್ವಿನೊ ಫಲಕ ಮಾಡುತ್ತದೆ. ಮನೆಯಲ್ಲಿ ಈ ಸಾಹಸ ಸಾಧ್ಯವಾಗಿರುವುದು ಹೀಗೆ.

ಈಗ ಸಾಮಾನಿನ ವಿಷಯ. ಬೇಕಾದದ್ದು ಮೂರು ಸ್ಟೆಪ್ಪರ್ ಮೋಟಾರು, ಅವನ್ನು ನಡೆಸುವ ಮೂರು ಡ್ರೈವರ್, ಒಂದು ವಿದ್ಯುತ್ ಪೂರೈಕೆಯ ಪೆಟ್ಟಿಗೆ, ಒಂದು ನಿಯಂತ್ರಕ ಫಲಕ, ಆಜ್ಞೆ ಓದುವ ತಂತ್ರಾಂಶ. ತಂತ್ರಾಂಶಕ್ಕೆ ಕಾಸು ಕೊಡಬೇಕೆಂದಿಲ್ಲ. ಆರ್ಡ್ವಿನೊಗೆ ಜಿಆರ್‌ಬಿಎಲ್ ಇದೆ. ಪ್ರಿಂಟರಿನ ದಪ್ಪ ಕೇಬಲ್ಲಿಗೆ 25 ಕಾಲಿನ ಕಿಂಡಿ ಇರುವ ಹಳೆಯ ಕಂಪ್ಯೂಟರು ಮೂಲೆಯಲ್ಲಿ ಬಿದ್ದಿದ್ದರೆ ಅದಕ್ಕೆ ಲಿನಕ್ಸ್‌ಸಿಎನ್‌ಸಿ ಇದೆ. ಆಜ್ಞೆಯ ಭಾಷೆಯ ಹೆಸರು ಜಿ-ಕೋಡ್. 'ಜಿ 01 ಎಕ್ಸ್ 20 ಎಫ್ 80' ಎಂದರೆ 20 ಮಿ.ಮೀ. ಗುರುತಿನವರೆಗೆ ನಿಮಿಷಕ್ಕೆ 80 ಮಿ.ಮೀ. ವೇಗದಲ್ಲಿ ನೇರವಾಗಿ ಸಾಗು ಎಂದರ್ಥ. 'ಜಿ 02' ಎಂದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಬಾಗಿ ಸಾಗು. ಒಂಬತ್ತನೆಯ ತರಗತಿಯ ನಿರ್ದೇಶಾಂಕ ರೇಖಾಗಣಿತ ಬಂದವನಿಗೆ ಇದು ಒಂದು ವಾರದ ಪಾಠ. 'ಎಕ್ಸ್ ಅಕ್ಷ, ವೈ ಅಕ್ಷ ಕಲಿತು ಏನು ಪ್ರಯೋಜನ ಸಾರ್?' ಎಂದು ಕೇಳುವ ಹುಡುಗರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಸಾಮಾನ್ಯ ಸ್ಟೆಪ್ಪರ್ ಮೋಟಾರು ಒಂದು ಸುತ್ತನ್ನು 200 ಹೆಜ್ಜೆಗಳಲ್ಲಿ ಮುಗಿಸುತ್ತದೆ. ಒಂದು ಹೆಜ್ಜೆ 1.8 ಡಿಗ್ರಿ. ಮೇಜಿನ ತಿರುಪು ಸುತ್ತಿಗೆ 5 ಮಿ.ಮೀ. ಸರಿಯುವಂಥದ್ದಾದರೆ ಒಂದು ಹೆಜ್ಜೆಗೆ ಮೇಜು ಸರಿಯುವುದು 0.025 ಮಿ.ಮೀ. ಈ ಪತ್ರಿಕೆಯ ಹಾಳೆಯ ದಪ್ಪದ ಮೂರನೇ ಒಂದು ಪಾಲು ಎಂದುಕೊಳ್ಳಿ. ಹುಡುಗರು ಇಲ್ಲಿಗೆ ಬಂದು ಕುಣಿದಾಡುತ್ತಾರೆ. ನಿಜವಾದ ಕಷ್ಟ ಶುರುವಾಗುವುದೂ ಇಲ್ಲಿಂದಲೇ.

ಹಳೆಯ ಯಂತ್ರದ ಕೈಚಕ್ರವನ್ನು ಒಂದು ದಿಕ್ಕಿಗೆ ತಿರುಗಿಸಿ, ಅನಂತರ ಹಿಂದಕ್ಕೆ ತಿರುಗಿಸಿ ನೋಡಿ. ಸ್ವಲ್ಪ ದೂರ ಚಕ್ರ ತಿರುಗಿದರೂ ಮೇಜು ಅಲುಗುವುದಿಲ್ಲ. ತಿರುಪಿನ ಎಳೆಗೂ ನಟ್ಟಿನ ಎಳೆಗೂ ನಡುವೆ ಇರುವ ಸಡಿಲು ಇದಕ್ಕೆ ಕಾರಣ. ವರ್ಷಗಟ್ಟಲೆ ದುಡಿದ ಯಂತ್ರದಲ್ಲಿ ಕಾಲು ಮಿ.ಮೀ. ಸಡಿಲು ಇರುವುದು ಅಪರೂಪವಲ್ಲ. ಅಂದರೆ ಮೋಟಾರು ದಿಕ್ಕು ಬದಲಿಸಿದಾಗಲೆಲ್ಲ ಹತ್ತು ಹೆಜ್ಜೆ ಗಾಳಿಗೆ ಹೋಗುತ್ತವೆ. ಗಣಕಕ್ಕೆ ಇದು ತಿಳಿಯುವುದಿಲ್ಲ. ಹೆಜ್ಜೆ ಇಡು ಎಂದಿತು, ಇಟ್ಟಾಯಿತು ಎಂದು ನಂಬಿತು. ಮೇಜು ನಿಜಕ್ಕೂ ಎಲ್ಲಿದೆ ಎಂದು ನೋಡಲು ಅದಕ್ಕೆ ಕಣ್ಣಿಲ್ಲ. ಕೈಯಿಂದ ನಡೆಸುವ ಮೇಸ್ತ್ರಿ ಮಾತ್ರ ಯಾರೂ ಹೇಳದೆಯೇ ಗುರುತಿಗಿಂತ ಸ್ವಲ್ಪ ಹಿಂದಕ್ಕೆ ಹೋಗಿ, ಸಡಿಲನ್ನು ತುಂಬಿಕೊಂಡು, ಒಂದೇ ದಿಕ್ಕಿನಿಂದ ಗುರುತಿಗೆ ಬರುತ್ತಾನೆ.

ಕೆಲವು ತಂತ್ರಾಂಶಗಳಲ್ಲಿ ಸಡಿಲಿನ ಅಳತೆಯನ್ನು ಬರೆದಿಟ್ಟರೆ ದಿಕ್ಕು ಬದಲಾದಾಗ ಅಷ್ಟು ಹೆಜ್ಜೆಗಳನ್ನು ತಾನೇ ಸೇರಿಸಿಕೊಳ್ಳುತ್ತದೆ. ತೂತು ಕೊರೆಯುವ ಕೆಲಸಕ್ಕೆ ಇದು ಸಾಕು. ಆದರೆ ಕಡೆಯುವಾಗ ಕಟರಿನ ಹಲ್ಲುಗಳೇ ಮೇಜನ್ನು ಜಗ್ಗುತ್ತವೆ. ಹಲ್ಲು ತಿರುಗುವ ದಿಕ್ಕಿಗೇ ಮೇಜನ್ನೂ ಸರಿಸಿದರೆ, ಸಡಿಲಿರುವಷ್ಟು ದೂರ ಮೇಜು ತಟ್ಟನೆ ಮುಂದಕ್ಕೆ ಹಾರಿ ಕಟರು ಮುರಿಯುತ್ತದೆ. ಹಲ್ಲಿಗೆ ಎದುರಾಗಿ ಸರಿಸಿದರೆ ಈ ಅಪಾಯವಿಲ್ಲ. ಹಳೆಯ ಯಂತ್ರದ ಮೇಲೆ ಪಳಗಿದ ಯಾವ ಮೇಸ್ತ್ರಿಯೂ ಮೊದಲನೆಯ ಬಗೆಯಲ್ಲಿ ಒಡ್ಡುವುದಿಲ್ಲ. ಪ್ರೋಗ್ರಾಂ ಬರೆಯುವ ಹುಡುಗನಿಗೆ ಅದನ್ನು ಯಾರಾದರೂ ಹೇಳಬೇಕು.

ಆದ್ದರಿಂದ ಮನೆಯಲ್ಲಿ ಪರಿವರ್ತನೆಗೆ ಹೊರಟವರು ಹಣವನ್ನು ಮೊದಲು ಹಾಕಬೇಕಾದದ್ದು ಕಂಪ್ಯೂಟರಿಗಲ್ಲ, ತಿರುಪಿಗೆ. ಬಾಲ್ ಸ್ಕ್ರೂ ಎಂಬ ತಿರುಪಿನಲ್ಲಿ ಎಳೆಗೂ ನಟ್ಟಿಗೂ ನಡುವೆ ಉಕ್ಕಿನ ಗುಂಡುಗಳು ಉರುಳುತ್ತವೆ. ಸಡಿಲು ಬಹಳ ಕಡಿಮೆ. ಸಾಮಾನ್ಯ ತಿರುಪಿನಲ್ಲಿ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಪಾಲು ತಿಕ್ಕಾಟದಲ್ಲೇ ಕಳೆದರೆ ಇದರಲ್ಲಿ ಶೇಕಡಾ 90ರಷ್ಟು ಕೆಲಸಕ್ಕೆ ಬರುತ್ತದೆ. ಒಂದು ಎಚ್ಚರ ಮಾತ್ರ ಬೇಕು. ಇಷ್ಟು ಸಲೀಸಾದ ತಿರುಪು ಭಾರಕ್ಕೆ ತಾನೇ ತಿರುಗುತ್ತದೆ. ಕರೆಂಟು ಹೋದೊಡನೆ ಮೋಟಾರಿನ ಹಿಡಿತ ತಪ್ಪಿ, ಕಟರು ಹೊತ್ತ ತಲೆ ಕೆಳಕ್ಕೆ ಜಾರಬಹುದು. ಅದಕ್ಕೆ ಸರಿಸಮ ತೂಕವನ್ನೋ ಬ್ರೇಕನ್ನೋ ಕಟ್ಟಲೇಬೇಕು.

ಕರೆಂಟಿನ ಮಾತು ಬಂದದ್ದರಿಂದ ಇನ್ನೆರಡು ವಿಷಯ. ಕೆಲಸದ ನಡುವೆ ಕರೆಂಟು ಹೋಗಿ ಬಂದರೆ ಗಣಕಕ್ಕೆ ಮೇಜಿನ ಸ್ಥಾನ ಮರೆತಿರುತ್ತದೆ. ಮೂರೂ ದಿಕ್ಕಿನ ಕೊನೆಗೆ ಮಿತಿ ಸ್ವಿಚ್ಚುಗಳನ್ನು ಹಾಕಿ, ಯಂತ್ರ ತನ್ನ ಮೂಲಸ್ಥಾನವನ್ನು ಮತ್ತೆ ಹುಡುಕಿಕೊಳ್ಳುವಂತೆ ಮಾಡಿ. ಎರಡನೆಯದಾಗಿ, ಅಣಬೆಯಾಕಾರದ ಕೆಂಪು ಗುಂಡಿಯೊಂದು ಕೈಗೆಟುಕುವಲ್ಲಿ ಇರಲಿ. ಅದನ್ನು ಒತ್ತಿದರೆ ಮೋಟಾರುಗಳಿಗೂ ಕಟರಿಗೂ ಹೋಗುವ ವಿದ್ಯುತ್ತೇ ಕಡಿಯಬೇಕು. ಕಂಪ್ಯೂಟರಿಗೆ 'ನಿಲ್ಲು' ಎಂದು ಸುದ್ದಿ ಕಳಿಸುವ ಗುಂಡಿಯನ್ನು ನಂಬಬೇಡಿ. ಸ್ತಬ್ಧವಾದ ಕಂಪ್ಯೂಟರು ಸುದ್ದಿ ಓದುವುದಿಲ್ಲ.

ಇಷ್ಟೆಲ್ಲ ಮಾಡಿ ಲಾಭವೇನು? ಒಂದೇ ಒಂದು ಶಾಫ್ಟಿಗೆ ಕೀಲಿಯ ಕಾಲುವೆ ತೆಗೆಯಬೇಕಾದರೆ ಕೈಯಿಂದ ನಡೆಸುವುದೇ ಬೇಗ. ಅದನ್ನೇ ಐವತ್ತು ಮಾಡಬೇಕಾದರೆ ಗಣಕ ಗೆಲ್ಲುತ್ತದೆ. ಇನ್ನು ಬನಹಟ್ಟಿಯ ವಿದ್ಯುತ್ ಮಗ್ಗಗಳ ಟ್ಯಾಪೆಟ್ ಕ್ಯಾಮನ್ನು ನೋಡಿ. ಅದರ ಅಂಚು ಉದ್ದಕ್ಕೂ ಬಾಗು. ಎರಡು ಕೈಚಕ್ರಗಳನ್ನು ಒಟ್ಟಿಗೆ ಬೇರೆ ಬೇರೆ ವೇಗದಲ್ಲಿ ತಿರುಗಿಸಿ ಅಂಥ ಬಾಗನ್ನು ಕಡೆಯಲು ಮನುಷ್ಯನ ಕೈಗೆ ಆಗದು. ಗಣಕಕ್ಕೆ ಅದೂ ನೇರ ಗೆರೆಯಷ್ಟೇ ಸುಲಭ. ಜಮಖಂಡಿ, ಬೀಳಗಿಯ ಸಣ್ಣ ವರ್ಕ್‌ಶಾಪುಗಳಲ್ಲಿ ಇಂಥದೊಂದು ಯಂತ್ರವಿದ್ದರೆ ಬಸ್ಸು ಹತ್ತುವ ಕೆಲಸದಲ್ಲಿ ಒಂದಷ್ಟು ಊರಲ್ಲೇ ಉಳಿಯುತ್ತದೆ.

ಈಗ ಮೇಸ್ತ್ರಿಯ ವಿಷಯ. ಯಂತ್ರ ಬಂದರೂ ಯಾರ ಕೆಲಸವೂ ಹೋಗುವುದಿಲ್ಲ ಎಂದು ಸುಳ್ಳು ಸಮಾಧಾನ ಹೇಳಲಾರೆ. ಜಕಾರ್ಡನ ಏರ್ಪಾಟು ಬಂದಾಗ ಮಗ್ಗದ ಬಳಿ ನಿಂತು ದಾರಗಳನ್ನು ಜಗ್ಗುತ್ತಿದ್ದ ಸಹಾಯಕರ ಕೆಲಸ ಹೋಯಿತು. ಲಿಯೋನಿನ ನೇಕಾರರು ಅದನ್ನು ಪ್ರತಿಭಟಿಸಿದ್ದೂ ಉಂಟು. ಈಗ ಎಲೆಕ್ಟ್ರಾನಿಕ್ ಜಕಾರ್ಡ್ ಬಂದ ಕಡೆಗಳಲ್ಲಿ ಕಾರ್ಡು ಕತ್ತರಿಸುವವರ ಕೆಲಸ ಹೋಗುತ್ತಿದೆ. ದೊಡ್ಡ ಕಾರ್ಖಾನೆಗಳಲ್ಲಿ ಒಬ್ಬನೇ ನಾಲ್ಕು ಯಂತ್ರಗಳನ್ನು ನೋಡಿಕೊಳ್ಳುವುದೂ ನಿಜ. ಬರೀ ಚಕ್ರ ತಿರುಗಿಸುವುದಷ್ಟೇ ಒಬ್ಬನ ಕೆಲಸವಾಗಿದ್ದರೆ ಅದು ಉಳಿಯುವುದಿಲ್ಲ.

ಆದರೆ ಮುಧೋಳದ ಆ ಮೇಸ್ತ್ರಿಯ ಕೆಲಸ ಅಷ್ಟೇ ಅಲ್ಲ. 6 ಮಿ.ಮೀ. ಕಟರಿನಿಂದ ಮೆದು ಉಕ್ಕನ್ನು ಕಡೆಯಲು ನಿಮಿಷಕ್ಕೆ ಸುಮಾರು 1,300 ಸುತ್ತು ಸರಿ ಎಂದು ಪುಸ್ತಕದ ಲೆಕ್ಕ ಹೇಳುತ್ತದೆ. ಹಗುರವಾದ ಚಿಕ್ಕ ಯಂತ್ರ ಎಷ್ಟು ಆಳದ ಕಡಿತಕ್ಕೆ ನಡುಗತೊಡಗುತ್ತದೆ, ಯಾವ ಸದ್ದು ಬಂದರೆ ಹಲ್ಲು ಮೊಂಡಾಗಿದೆ, ತುಂಡನ್ನು ಎಲ್ಲಿ ಹಿಡಿದರೆ ಬಾಗುವುದಿಲ್ಲ ಎಂಬುದು ಆ ಲೆಕ್ಕದಲ್ಲಿಲ್ಲ. ಅದೆಲ್ಲ ಇರುವುದು ಮೇಸ್ತ್ರಿಯ ಕೈಯಲ್ಲಿ, ಕಿವಿಯಲ್ಲಿ. ಪಾರ್ಸನ್ಸರ ಅಂಗಡಿಯಲ್ಲಿ ಅಂಕಿ ಕೂಗುವವನ ಹಾಗೂ ಚಕ್ರ ತಿರುಗಿಸುವವರ ಕೆಲಸವನ್ನು ಗಣಕ ಕಸಿದುಕೊಂಡಿತು. ಯಾವ ಅಂಕಿ ಕೂಗಬೇಕು ಎಂದು ಅದು ಇವತ್ತಿಗೂ ಮನುಷ್ಯನನ್ನೇ ಕೇಳುತ್ತದೆ. ಆದ್ದರಿಂದ ಓದುಗ ಮಿತ್ರರಿಗೆ ನನ್ನ ಸಲಹೆ ಇಷ್ಟೇ. ಮಗ ಸ್ಕ್ರೂಡ್ರೈವರ್ ಹಿಡಿಯುವ ಮೊದಲೇ ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿ. ಪ್ರತಿ ಕೆಲಸದ ವೇಗ, ಆಳ, ದಿಕ್ಕುಗಳನ್ನು ಅವರು ಹೇಳಲಿ, ಹುಡುಗ ಬರೆಯಲಿ. ಯಂತ್ರ ನಡೆದ ಮೇಲೆ ಉಳಿಯುವ ಸಮಯದಲ್ಲಿ ಜಿ-ಕೋಡನ್ನು ಹುಡುಗ ಹೇಳಿಕೊಡಲಿ. ಮೇಸ್ತ್ರಿಯ ಸಂಬಳ ಕಡಿಮೆ ಮಾಡಬೇಡಿ. ಅವರಿಗೆ ತಿಳಿದಿರುವುದು ಯಾವ ಅಂಗಡಿಯಲ್ಲೂ ಮಾರಾಟಕ್ಕಿಲ್ಲ.

ಕೊನೆಗೊಂದು ಪರೀಕ್ಷೆ. ಜೋಡಣೆ ಮುಗಿದ ದಿನ ಕಬ್ಬಿಣಕ್ಕೆ ಕೈ ಹಾಕಬೇಡಿ. ಕಟರಿನ ಜಾಗದಲ್ಲಿ ಒಂದು ಪೆನ್ನು ಕಟ್ಟಿ, ಮೇಜಿನ ಮೇಲೆ ಕಾಗದ ಅಂಟಿಸಿ, 50 ಮಿ.ಮೀ. ವ್ಯಾಸದ ವೃತ್ತ ಬರೆಸಿ. ಸಡಿಲು ಉಳಿದಿದ್ದರೆ ವೃತ್ತದ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಅಂದರೆ ಮೋಟಾರು ದಿಕ್ಕು ಬದಲಿಸುವ ನಾಲ್ಕು ಜಾಗಗಳಲ್ಲಿ ಚಪ್ಪಟೆ ಗುರುತು ಕಾಣುತ್ತದೆ. ಕಾಗದದ ಮೇಲೆ ಸರಿಯಾದರೆ ಮರದ ತುಂಡಿನಲ್ಲಿ, ಅನಂತರ ಅಲ್ಯೂಮಿನಿಯಂನಲ್ಲಿ ಅದೇ ವೃತ್ತ ಕಡೆದು ವರ್ನಿಯರ್‌ನಿಂದ ಎರಡೂ ಅಡ್ಡಗಲ ಅಳೆಯಿರಿ. ಎರಡೂ ಒಂದೇ ಬರುವವರೆಗೆ ಕಬ್ಬಿಣ ಕಾಯಲಿ.