ಹಳೆಯದೆಲ್ಲ ಹೊನ್ನಲ್ಲ

ನಾಣ್ಯದ ಬೆಲೆಯನ್ನು ಅದರ ವಯಸ್ಸು ನಿರ್ಧರಿಸುವುದಿಲ್ಲ. ಎಷ್ಟು ಉಳಿದಿವೆ, ಎಷ್ಟು ಮಂದಿ ಕೇಳುತ್ತಿದ್ದಾರೆ ಎಂಬುದೇ ಲೆಕ್ಕ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆ 1686ರವರೆಗೆ ವಿಜಯಪುರದ ಆದಿಲ್ ಶಾಹಿಗಳ ಆಳ್ವಿಕೆಯಲ್ಲಿತ್ತು. ಅವರ ತಾಮ್ರದ ನಾಣ್ಯಗಳು ಹೇರಳವಾಗಿ ಉಳಿದಿವೆ. ಹಾಗಾಗಿ ಶತಮಾನಗಳಷ್ಟು ಹಳೆಯವಾದರೂ ಸಾಧಾರಣ ಪ್ರತಿಗಳು ಅಗ್ಗಕ್ಕೇ ಸಿಗುತ್ತವೆ. ಎರಡನೇ ಇಬ್ರಾಹಿಂ ಆದಿಲ್ ಶಾಹನ ತಾಮ್ರದ ನಾಣ್ಯದ ಮೇಲೆ ‘ಇಬ್ರಾಹಿಂ ಅಬಲಾ ಬಲಿ’ ಎಂಬ ಬರಹವಿದೆ. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಆದ್ದರಿಂದ ಅಕ್ಷರಗಳು ಅಂಚಿನಲ್ಲಿ ತುಂಡಾಗಿರುವುದೇ ಹೆಚ್ಚು. ಬರಹ ಪೂರ್ತಿ ಮೂಡಿದ ಪ್ರತಿಗೆ ಸಂಗ್ರಾಹಕರು ಕೈಬಿಚ್ಚಿ ಕೊಡುತ್ತಾರೆ. ಹೊಳಪು ಬರಲೆಂದು ಅದಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿದರೋ, ಬೆಲೆ ಅಲ್ಲಿಗೇ ಇಳಿಯಿತು. ಮೊಹಮ್ಮದ್ ಆದಿಲ್ ಶಾಹನ ಚಿನ್ನದ ಹೊನ್ನು ವಿರಳ, ಹಾಗಾಗಿ ದುಬಾರಿ. ಎರಡನೇ ಅಲಿಯ ಕಾಲದ ಲಾರಿಯ ಕಥೆ ಬೇರೆ: ಬೆಳ್ಳಿ ತಂತಿಯನ್ನು ಮಡಚಿ ಅಚ್ಚೊತ್ತಿದ ಈ ಹಣವನ್ನು ದಖ್ಖನ್ನಿನ ನಾಣ್ಯ ಕೂಡಿಡುವವರಷ್ಟೇ ಅಲ್ಲ, ವಿಚಿತ್ರ ಆಕಾರದ ಹಣ ಹುಡುಕುವ ಹೊರದೇಶದವರೂ ಕೇಳುತ್ತಾರೆ. ತೀರಾ ಈಚಿನದೂ ಇವೆಲ್ಲವನ್ನು ಮೀರಿಸಬಹುದು. ಆರನೇ ಜಾರ್ಜನ 1939ರ ರೂಪಾಯಿಯಲ್ಲಿ 1938ರದರಷ್ಟೇ ಬೆಳ್ಳಿಯಿದೆ. ಉಳಿದಿರುವುದು ತೀರಾ ಕಡಿಮೆಯಾದ್ದರಿಂದ ಬೆಲೆ ಹಲವು ಪಟ್ಟು. ಅದರ ನಕಲಿಗಳು ಮಾತ್ರ ಧಾರಾಳ. ಹೊಲ ಉಳುವಾಗ ನಾಣ್ಯದ ಗಡಿಗೆ ಸಿಕ್ಕರೆ ಅದು ಮಾರುವ ಸರಕಲ್ಲ, ಕಾನೂನಿನಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕಾದ ನಿಧಿ. ಇನ್ನು ಹಳೇ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆಂದು ಮೊದಲು ಶುಲ್ಕ ಕೇಳುವವರನ್ನು ನಂಬಬಾರದೆಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.