ಕಲ್ಲು ಕರಗುವ ಲೆಕ್ಕ

ಈ ಮಳೆಗಾಲದಲ್ಲಿ ಮುಂಬಯಿಯಿಂದ ಪುಣೆಗೆ ರೈಲಿನಲ್ಲಿ ಹೋಗುವಾಗ, ಖಂಡಾಳಾ ಘಟ್ಟದಲ್ಲಿ ಮಗಳು ಕೇಳಿದಳು: “ಅಪ್ಪಾ, ಇಷ್ಟು ಮಳೆ ಹೊಯ್ದರೂ ಈ ಕರಿಕಲ್ಲು ಕರಗುವುದಿಲ್ಲವೇ?”

ಕರಗುತ್ತದೆ, ವಾಚಕರೇ! ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ ಹೆಪ್ಪುಗಟ್ಟಿ ಆದ ಕಲ್ಲು ಅದು. ನಮ್ಮ ವಿಜಾಪುರದ ಕಡೆಯ ನೆಲದಲ್ಲಿಯೂ ಅದೇ ಇದೆ. ಮಳೆನೀರು ಗಾಳಿಯಲ್ಲಿಯ ಇಂಗಾಲಾಮ್ಲ ವಾಯುವನ್ನು ಹೀರಿ ತುಸು ಹುಳಿಯಾಗುತ್ತದೆ. ಆ ಹುಳಿ ಕಲ್ಲನ್ನು ಸವೆಸುತ್ತದೆ. ಕಲ್ಲಿನ ಸುಣ್ಣದ ಅಂಶವೂ ಹೀರಿದ ವಾಯುವೂ ಕೂಡಿ ಹೊಳೆಯ ನೀರಿನಲ್ಲಿ ಸಮುದ್ರ ಸೇರುತ್ತವೆ. ಅಲ್ಲಿಯ ಜೀವಿಗಳು ಅದರಿಂದಲೇ ಚಿಪ್ಪು ಕಟ್ಟಿಕೊಳ್ಳುತ್ತವೆ. ಅವು ಸತ್ತ ಮೇಲೆ ಚಿಪ್ಪು ತಳದಲ್ಲಿ ಸುಣ್ಣಕಲ್ಲಾಗುತ್ತದೆ. ವಾಯು ಅದರೊಳಗೆ ಬಂದಿ. ಬಹುಕಾಲದ ಮೇಲೆ ಜ್ವಾಲಾಮುಖಿಗಳು ಅದನ್ನು ಮತ್ತೆ ಹೊರಗೆ ಉಗುಳುತ್ತವೆ.

ಭೂಮಿ ಕಾದರೆ ಮಳೆ ಹೆಚ್ಚಿ, ಸವೆತ ಹೆಚ್ಚಿ, ವಾಯು ಇಳಿಯುತ್ತದೆ, ತಣಿದರೆ ತಿರುಗುಮುರುಗು. 1981ರಲ್ಲಿ ವಾಕರ್, ಹೇಸ್, ಕಾಸ್ಟಿಂಗ್ ಎಂಬ ಮೂವರು ವಿಜ್ಞಾನಿಗಳು ಇದನ್ನು ವಿವರಿಸಿದರು.

“ಹಾಗಾದರೆ ನಮ್ಮ ಮೋಟಾರು, ಕಾರಖಾನೆಗಳ ಹೊಗೆಯನ್ನೂ ಕಲ್ಲೇ ನುಂಗೀತಲ್ಲ?”

ನುಂಗೀತು; ಆದರೆ ನಮ್ಮ ಕಚೇರಿಯ ಕಡತಕ್ಕಿಂತಲೂ ನಿಧಾನ! ಲಕ್ಷಗಟ್ಟಲೆ ವರ್ಷ ಬೇಕು. ನಾವು ವರ್ಷಕ್ಕೆ ಉಗುಳುವುದೋ, ಜಗತ್ತಿನ ಜ್ವಾಲಾಮುಖಿಗಳೆಲ್ಲ ಸೇರಿ ಉಗುಳುವುದರ ಹತ್ತಾರು ಪಟ್ಟು. ಅವಳು ಬೆರಳು ಮಡಿಸಿ ಎಣಿಸತೊಡಗಿದಳು. ಲೋಣಾವಳಾ ಬರುವಷ್ಟರಲ್ಲಿ ಕೈಬಿಟ್ಟಳು.